ಮಾಂತ್ರಿಕ ಸಮಾಜಗಳು ಮತ್ತು ದುಡ್ಡು ಕೊಟ್ಟು ಗೆಲ್ಲುವ ಶೂಟರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬಸವನಗುಡಿಯಲ್ಲಿ ಭಾನುವಾರ ಸೇರುವ ನಮ್ಮ ಆಟದ ಗುಂಪಿಗೆ ಎರಡು ಬಗೆಯ ಜನ ಬರುತ್ತಾರೆ. ಕೆಲವರಿಗೆ ರೋಲ್‌ಪ್ಲೇಯಿಂಗ್ ಆಟಕ್ಕೆ ಲೋಕ ಕಟ್ಟುವ ಹುಚ್ಚು. ಕೆಲವರು ರಾತ್ರಿ ಆನ್‌ಲೈನ್ ಶೂಟರ್, ಅಂದರೆ ಗುಂಡು ಹೊಡೆಯುವ ವಿಡಿಯೋ ಗೇಮ್ ಆಡಿ, ದುಡ್ಡು ಸುರಿದವರ ಕೈಯಲ್ಲಿ ಸೋತು ಬೇಸತ್ತವರು. ಎಷ್ಟೋ ಜನ ಎರಡೂ ಹೌದು. ಅವರೆಲ್ಲ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೇ ಉತ್ತರ ಬರೆದಿದ್ದೇನೆ. ಯಾಕಂದರೆ ಎರಡು ಕಡೆಯೂ ನನ್ನನ್ನು ಕಾಡುವುದು ಒಂದೇ ವಿಷಯ: ಆಟದಲ್ಲಿ ಬಲ ಎಲ್ಲಿಂದ ಬರುತ್ತದೆ, ಅದರ ಬೆಲೆಯನ್ನು ಯಾರು ಕಟ್ಟುತ್ತಾರೆ?

ರೋಲ್‌ಪ್ಲೇಯಿಂಗ್ ಆಟ ಅಂದ್ರೆ ಏನು? ನಾನು ಮೊಬೈಲ್ ಗೇಮ್ ಬಿಟ್ಟು ಬೇರೇನೂ ಆಡಿಲ್ಲ.

ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಲೋಕವನ್ನು ನಡೆಸುತ್ತಾರೆ, ಅವರನ್ನು ಡಿಎಂ ಅಥವಾ ಜಿಎಂ ಅನ್ನುತ್ತೇವೆ. ಉಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ‘ನಾನು ಗೋಡೆ ಹತ್ತುತ್ತೇನೆ’ ಅಂತ ನೀವು ಹೇಳುತ್ತೀರಿ. ಹತ್ತಿದಿರಾ, ಬಿದ್ದಿರಾ ಅನ್ನೋದನ್ನು ಡೈಸ್ ತೀರ್ಮಾನಿಸುತ್ತದೆ. ಅಂಗಡಿಗೆ ಬಂದ ಮೊದಲ ರೋಲ್‌ಪ್ಲೇಯಿಂಗ್ ಆಟ ಡಂಜನ್ಸ್ ಅಂಡ್ ಡ್ರಾಗನ್ಸ್. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ತಂದರು. ಈಗ ಹೆಚ್ಚಿನವರು ಆಡುವುದು 2014ರಲ್ಲಿ ಬಂದ ಐದನೇ ಆವೃತ್ತಿ ಮತ್ತು ಅದರ ನಂತರದ ಪರಿಷ್ಕರಣೆ.

ಮಾಂತ್ರಿಕ ಸಮಾಜ ಅಂದ್ರೆ ಮಾಂತ್ರಿಕರು ಇರುವ ಊರು ಅಂತಾನಾ?

ಅಲ್ಲ. ಊರಾಚೆಯ ಗೋಪುರದಲ್ಲಿ ಗಡ್ಡದ ಮಾಂತ್ರಿಕನೊಬ್ಬ ಇದ್ದಾನೆ, ಊರಿನವರು ಎಂದಿನಂತೆ ಉಳುಮೆ ಮಾಡಿಕೊಂಡು ಇದ್ದಾರೆ ಅಂದರೆ ಅದು ಮಾಂತ್ರಿಕ ಇರುವ ಊರು, ಅಷ್ಟೇ. ಮಂತ್ರದಿಂದಾಗಿ ಊರಿನವರ ಉಳುಮೆ, ಮದುವೆ, ಸಾಲ, ಕೋರ್ಟು, ಸಾವು ಎಲ್ಲವೂ ಬದಲಾಗಿದ್ದರೆ ಮಾತ್ರ ಅದು ಮಾಂತ್ರಿಕ ಸಮಾಜ.

ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2014ರ ನಿಯಮಪುಸ್ತಕದಲ್ಲಿ ‘ಪ್ಲಾಂಟ್ ಗ್ರೋತ್’ ಅನ್ನುವ ಸ್ಪೆಲ್, ಅಂದರೆ ಮಂತ್ರ ಇದೆ. ಮೂರನೇ ಹಂತದ್ದು. ಕಾಡಿನಲ್ಲಿ ಶತ್ರುವಿನ ದಾರಿಗೆ ಗಿಡ ಬೆಳೆಸಿ ಅಡ್ಡ ಹಾಕಲು ಎಲ್ಲರೂ ಬಳಸುತ್ತಾರೆ. ಆದರೆ ಅದಕ್ಕೆ ಇನ್ನೊಂದು ಬಳಕೆಯೂ ಇದೆ. ಎಂಟು ಗಂಟೆ ಕೂತು ಮಂತ್ರ ಹಾಕಿದರೆ ಅರ್ಧ ಮೈಲಿ ತ್ರಿಜ್ಯದ ಒಳಗಿನ ಹೊಲಗಳೆಲ್ಲ ಒಂದು ವರ್ಷ ಎರಡು ಪಟ್ಟು ಫಸಲು ಕೊಡುತ್ತವೆ. ಅರ್ಧ ಮೈಲಿ ತ್ರಿಜ್ಯ ಅಂದರೆ ಸುಮಾರು 500 ಎಕರೆ. ಒಬ್ಬ ಡ್ರೂಯಿಡ್ (ಪ್ರಕೃತಿಯ ಮಂತ್ರ ಬಲ್ಲವನು) ದಿನಕ್ಕೊಂದು ಸಲ ಹಾಕುತ್ತಾ ಹೋದರೆ ನೂರು ದಿನದಲ್ಲಿ 50,000 ಎಕರೆ.

ಈಗ ಇದನ್ನು ನಮ್ಮ ಕಡೆಗೆ ತಂದು ನೋಡಿ. ಮಾಗಡಿ, ಕನಕಪುರದ ಕಡೆಯ ರಾಗಿ ಹೊಲಗಳು ಒಂದೇ ವರ್ಷದಲ್ಲಿ ಎರಡರಷ್ಟು ಬೆಳೆದವು. ಯಶವಂತಪುರದ ಎಪಿಎಂಸಿ ಯಾರ್ಡ್‌ಗೆ ಲಾರಿ ಮೇಲೆ ಲಾರಿ ಬಂತು. ರಾಗಿ ಬೆಲೆ ಏನಾಗುತ್ತದೆ? ಡ್ರೂಯಿಡ್ ಬಾರದ ಪಕ್ಕದ ತಾಲ್ಲೂಕಿನ ರೈತ ಹಳೇ ಇಳುವರಿಯನ್ನು ಹೊಸ ಬೆಲೆಗೆ ಮಾರಬೇಕು. ಅವನ ಗತಿ ಏನು? ಡ್ರೂಯಿಡ್ ಯಾರ ಹೊಲದಿಂದ ಶುರು ಮಾಡಬೇಕು ಅಂತ ಯಾರು ಹೇಳುತ್ತಾರೆ? ದೊಡ್ಡ ಜಮೀನ್ದಾರ ಅವನನ್ನು ಮನೆಯಲ್ಲೇ ಇಟ್ಟುಕೊಂಡರೆ? ಈ ಪ್ರಶ್ನೆಗಳನ್ನು ಕೇಳಲು ಶುರು ಮಾಡಿದ ಗಳಿಗೆಯಲ್ಲೇ ಸಮಾಜ ಹುಟ್ಟುತ್ತದೆ. ಕಥೆಯೂ ಹುಟ್ಟುತ್ತದೆ. ಒಂದು ರಾಕ್ಷಸನನ್ನೂ ಸೇರಿಸದೆ ಆರು ಸೆಷನ್‌ಗೆ ಸಾಕಾಗುವಷ್ಟು ಸಾಮಗ್ರಿ ಇದೊಂದರಲ್ಲೇ ಇದೆ.

ಹೊಸದಾಗಿ ಲೋಕ ಕಟ್ಟುವವರು ಮೊದಲು ಏನು ತೀರ್ಮಾನಿಸಬೇಕು?

ನಕ್ಷೆ ಬೇಡ. ದೇವರುಗಳ ವಂಶಾವಳಿ ಬೇಡ. ಮಂತ್ರ ಮೊದಲು ಯಾರ ಮನೆಗೆ ತಲುಪಿತು ಅನ್ನೋದನ್ನು ತೀರ್ಮಾನಿಸಿ.

ನಮ್ಮದೇ ಇತಿಹಾಸ ಇದಕ್ಕೆ ಒಳ್ಳೆಯ ಪಾಠ. ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ನದಿಯ ದಂಡೆಯಲ್ಲೇ ಇದ್ದ ಹಳ್ಳಿಗಳಿಗೆ ಕರೆಂಟ್ ಬಂದದ್ದು ಇನ್ನೂ ತಡವಾಗಿ. ಸುಮಾರು ತೊಂಬತ್ತು ಮೈಲಿ ದೂರಕ್ಕೆ ಕಣ್ಣಿಗೆ ಕಾಣದ ಶಕ್ತಿಯನ್ನು ತಂತಿಯಲ್ಲಿ ಕಳಿಸುವುದು ಆ ಕಾಲದ ಜನರಿಗೆ ಮಂತ್ರಕ್ಕಿಂತ ಕಡಿಮೆಯಾಗಿರಲಿಲ್ಲ. ಆದರೆ ಆ ಶಕ್ತಿ ಹತ್ತಿರದವರ ಮನೆಗೆ ಹೋಗಲಿಲ್ಲ, ದುಡ್ಡು ಕಟ್ಟಬಲ್ಲ ಗಣಿಗೆ ಹೋಯಿತು.

ನಿಮ್ಮ ಲೋಕದಲ್ಲೂ ಹೀಗೇ ಯೋಚಿಸಿ. ಮಂತ್ರದ ದೀಪ ಅರಮನೆಗೆ ಬಂದು ಮೂವತ್ತು ವರ್ಷ ಆಗಿದೆ, ಪೇಟೆಗೆ ಬಂದು ಹತ್ತು ವರ್ಷ, ಕೇರಿಗೆ ಇನ್ನೂ ಬಂದಿಲ್ಲ. ಇಷ್ಟು ಬರೆದರೆ ಸಾಕು. ಯಾರಿಗೆ ಯಾರ ಮೇಲೆ ಸಿಟ್ಟು, ಯಾರು ಕದಿಯುತ್ತಾರೆ, ಯಾರು ಕಾವಲು ನಿಲ್ಲುತ್ತಾರೆ ಅನ್ನೋದು ತಾನಾಗಿ ಬರುತ್ತದೆ. ಇದರ ಜೊತೆಗೆ ಇನ್ನೊಂದು ವಿಷಯ ಗೊತ್ತಿರಲಿ: ಮಂತ್ರ ಕಲಿತು ಬರುತ್ತದಾ, ಹುಟ್ಟಿನಿಂದ ಬರುತ್ತದಾ? ಕಲಿತು ಬರುವುದಾದರೆ ಪಾಠಶಾಲೆಯ ಬಾಗಿಲಲ್ಲಿ ನಿಂತವರು ಮುಖ್ಯ. ಹುಟ್ಟಿನಿಂದ ಬರುವುದಾದರೆ ಮದುವೆ ಮಾಡಿಸುವವರು ಮುಖ್ಯ.

ಮಂತ್ರಕ್ಕೆ ಬೆಲೆ ಇರಲೇಬೇಕಾ? ಸುಮ್ನೆ ಬೇಕಾದಷ್ಟು ಬಳಸೋಕೆ ಬಿಟ್ಟರೆ ಏನಾಗುತ್ತೆ?

ಬಿಡಬಹುದು. ಆದರೆ ಆಗ ಯಾರಿಗೂ ಯಾವ ತೊಂದರೆಯೂ ಇರುವುದಿಲ್ಲ. ತೊಂದರೆ ಇಲ್ಲದ ಕಡೆ ಆಡಲು ಏನೂ ಉಳಿಯುವುದಿಲ್ಲ.

ಒಳ್ಳೆಯ ಆಟಗಳೆಲ್ಲ ಈ ಬೆಲೆಯ ಬಗ್ಗೆ ತುಂಬಾ ಯೋಚಿಸಿವೆ. 1989ರ ಶ್ಯಾಡೋರನ್‌ನಲ್ಲಿ ಮಂತ್ರ ಹಾಕಿದವನ ಮೈಯೇ ದಣಿಯುತ್ತದೆ. ಮಿತಿ ಮೀರಿದರೆ ಗಾಯವೂ ಆಗುತ್ತದೆ. 1993ರ ಮೇಜ್: ದಿ ಅಸೆನ್ಶನ್‌ನಲ್ಲಿ ಸಾಮಾನ್ಯ ಜನರ ಕಣ್ಣೆದುರು ನಂಬಲಾಗದ ಮಂತ್ರ ಮಾಡಿದರೆ ವಾಸ್ತವವೇ ತಿರುಗಿ ಹೊಡೆಯುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು 1991ರ ಡಾರ್ಕ್ ಸನ್. ಅಲ್ಲಿನ ಅಥಾಸ್ ಅನ್ನುವ ಲೋಕದಲ್ಲಿ ಮಂತ್ರಕ್ಕೆ ಬೇಕಾದ ಶಕ್ತಿ ಗಿಡಮರಗಳಿಂದ ಬರುತ್ತದೆ. ಜಾಗರೂಕತೆಯಿಂದ ತೆಗೆಯುವವರು ಪ್ರಿಸರ್ವರ್‌ಗಳು. ಬೇಗ ಬೇಕು, ಜಾಸ್ತಿ ಬೇಕು ಅಂತ ಹೀರಿಬಿಡುವವರು ಡಿಫೈಲರ್‌ಗಳು. ಅವರು ನಿಂತ ನೆಲ ಬೂದಿಯಾಗುತ್ತದೆ. ಒಬ್ಬರು ಗೆದ್ದ ಬೆಲೆಯನ್ನು ಆ ಊರಿನ ಮುಂದಿನ ತಲೆಮಾರು ಕಟ್ಟುತ್ತದೆ. ಇಡೀ ಲೋಕ ಮರಳುಗಾಡಾದದ್ದು ಹೀಗೆ.

ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಬೆಲೆ ಚಿನ್ನದ ನಾಣ್ಯದಲ್ಲೂ ಇದೆ. ಸತ್ತವರನ್ನು ಎಬ್ಬಿಸುವ ‘ರೈಸ್ ಡೆಡ್’ಗೆ 500 ಚಿನ್ನದ ನಾಣ್ಯದ ವಜ್ರ ಬೇಕು. ಮಂತ್ರ ಮುಗಿದ ಮೇಲೆ ವಜ್ರ ಉಳಿಯುವುದಿಲ್ಲ. ಅದೇ ಪುಸ್ತಕದಲ್ಲಿ ಕೆಲಸ ಕಲಿಯದ ಕೂಲಿಯವನ ದಿನಗೂಲಿ 2 ಬೆಳ್ಳಿ ನಾಣ್ಯ ಅಂತ ಬರೆದಿದೆ. ಹತ್ತು ಬೆಳ್ಳಿಗೆ ಒಂದು ಚಿನ್ನ. ಲೆಕ್ಕ ಹಾಕಿ. ಒಂದು ಕಾಸೂ ಖರ್ಚು ಮಾಡದೆ ಅವನು 2,500 ದಿನ ದುಡಿದರೆ ಒಂದು ವಜ್ರ. ಹತ್ತಿರ ಹತ್ತಿರ ಏಳು ವರ್ಷ. ಅಂದರೆ ಆ ಲೋಕದಲ್ಲಿ ಸಾಹುಕಾರನಿಗೆ ಸಾವು ಒಂದು ಖರ್ಚು, ಕೂಲಿಯವನಿಗೆ ಸಾವು ಸಾವೇ. ಎಷ್ಟೋ ಮೇಜುಗಳಲ್ಲಿ ಈ ಸಾಲನ್ನು ಓದಿ ಮುಂದೆ ಹೋಗುತ್ತಾರೆ. ದಯವಿಟ್ಟು ಅಲ್ಲಿ ನಿಲ್ಲಿ. ವಜ್ರದ ಗಣಿ ಯಾರ ಕೈಯಲ್ಲಿದೆ ಅಂತ ಕೇಳಿ.

ತಯಾರಾಗಿರುವ ಲೋಕಗಳಲ್ಲಿ ಯಾವುದನ್ನು ನೋಡಬೇಕು?

ಎರಡು ಸಾಕು.

ಮೊದಲನೆಯದು ಆರ್ಸ್ ಮ್ಯಾಜಿಕಾ, 1987ರದ್ದು. ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್-ಹೇಗನ್ ಮಾಡಿದ ಆಟ. ಸುಮಾರು 1220ರ ಯುರೋಪ್, ಆದರೆ ಜನರ ನಂಬಿಕೆಗಳೆಲ್ಲ ನಿಜವಾಗಿರುವ ಯುರೋಪ್. ಅಲ್ಲಿ ಮಾಂತ್ರಿಕರ ಆರ್ಡರ್ ಆಫ್ ಹರ್ಮೀಸ್ ಇದೆ. ಅದು ಹುಟ್ಟಿದ ಬಗೆ ನನಗೆ ತುಂಬಾ ಇಷ್ಟ. ಮೊದಲು ಇಬ್ಬರು ಮಾಂತ್ರಿಕರು ಒಂದೇ ಕೋಣೆಯಲ್ಲಿ ಕೂರಲು ಹೆದರುತ್ತಿದ್ದರು. ಯಾರು ಯಾವಾಗ ಮಂತ್ರ ಹಾಕುತ್ತಾರೋ ಗೊತ್ತಿಲ್ಲ ಅಲ್ವಾ? ಆಮೇಲೆ ಬೊನಿಸೇಗಸ್ ಅನ್ನುವವನು ಪಾರ್ಮಾ ಮ್ಯಾಜಿಕಾ ಎಂಬ ರಕ್ಷೆ ಕಂಡುಹಿಡಿದ. ಅದು ಬೇರೆಯವರ ಮಂತ್ರವನ್ನು ತಡೆಯುತ್ತದೆ. ಟ್ರಯನೋಮಾ ಅನ್ನುವವಳು ಊರೂರು ಅಲೆದು ಮಾಂತ್ರಿಕರನ್ನು ಒಪ್ಪಿಸಿ ಒಟ್ಟುಗೂಡಿಸಿದಳು. ಒಂದು ರಕ್ಷೆ ಸಿಕ್ಕಿದ್ದಕ್ಕೆ ಪರಸ್ಪರ ನಂಬಿಕೆ ಬಂತು, ನಂಬಿಕೆಯಿಂದ ಕಾನೂನು, ನ್ಯಾಯಸಭೆ, ಹನ್ನೆರಡು ಮನೆತನ ಬಂದವು. ಯುದ್ಧದ ಮಂತ್ರವಲ್ಲ, ತಡೆಯುವ ಮಂತ್ರವೇ ಸಮಾಜ ಕಟ್ಟಿತು.

ಎರಡನೆಯದು ಎಬೆರಾನ್. ಡಂಜನ್ಸ್ ಅಂಡ್ ಡ್ರಾಗನ್ಸ್ ಪ್ರಕಟಿಸುವ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಹೊಸ ಲೋಕಕ್ಕಾಗಿ ಸ್ಪರ್ಧೆ ನಡೆಸಿದಾಗ ಸುಮಾರು 11,000 ಪ್ರವೇಶಗಳು ಬಂದವು. ಗೆದ್ದದ್ದು ಕೀತ್ ಬೇಕರ್ ಅವರ ಎಬೆರಾನ್. ಪುಸ್ತಕ 2004ರಲ್ಲಿ ಬಂತು. ಅಲ್ಲಿ ದೊಡ್ಡ ಮಂತ್ರ ಅಪರೂಪ, ಸಣ್ಣ ಮಂತ್ರ ಮನೆಮಾತು. ಬೀದಿಯಲ್ಲಿ ಆರದ ದೀಪ, ಊರಿಂದೂರಿಗೆ ಮಿಂಚಿನ ರೈಲು. ಮೈಮೇಲೆ ಹುಟ್ಟುವ ಡ್ರಾಗನ್‌ಮಾರ್ಕ್ ಇರುವ ಮನೆತನಗಳು ಒಂದೊಂದು ಉದ್ಯಮವನ್ನೇ ಹಿಡಿದಿವೆ. ಸಾಗಣೆ ಒರಾಯನ್ ಮನೆತನದ್ದು, ಸಂದೇಶ ಸಿವಿಸ್ ಮನೆತನದ್ದು, ಚಿಕಿತ್ಸೆ ಜೊರಾಸ್ಕೊ ಮನೆತನದ್ದು. ಜೊರಾಸ್ಕೊ ಬಾಗಿಲಿಗೆ ಹೋದರೆ ಶುಲ್ಕ ಕಟ್ಟಬೇಕು.

ಬೆಂಗಳೂರಿನ ಹಿನ್ನೆಲೆಯಲ್ಲೇ ಒಂದು ಲೋಕ ಕಟ್ಟಬಹುದಾ?

ಕಟ್ಟಲೇಬೇಕು ಅಂತ ನನ್ನ ಆಸೆ. ನಮ್ಮಲ್ಲಿ ಹೆಚ್ಚಿನವರು ಕೋಟೆ, ಹಿಮ, ಪೈನ್ ಮರಗಳ ಲೋಕವನ್ನೇ ಮತ್ತೆ ಮತ್ತೆ ಕಟ್ಟುತ್ತಾರೆ. ಇಲ್ಲಿನದು ಕಣ್ಣೆದುರೇ ಇದೆ.

ಹಳೇ ಪೇಟೆಯನ್ನೇ ತೆಗೆದುಕೊಳ್ಳಿ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರಿನಲ್ಲಿ ಒಂದೊಂದು ಕಸುಬಿಗೆ ಒಂದೊಂದು ಪೇಟೆ ಬೆಳೆಯಿತು. ಅರಳೆಪೇಟೆ, ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಇವುಗಳ ನಡುವೆ ಒಂದು ಮಂತ್ರದ ಪೇಟೆ ಇದ್ದರೆ ಯಾವ ಮೂಲೆಯಲ್ಲಿ ಇರುತ್ತಿತ್ತು? ಅಲ್ಲಿ ಶಿಷ್ಯರನ್ನು ಯಾವ ಜಾತಿಯಿಂದ ಸೇರಿಸುತ್ತಿದ್ದರು, ಯಾವ ಜಾತಿಯವರನ್ನು ಬಾಗಿಲಲ್ಲೇ ತಡೆಯುತ್ತಿದ್ದರು? ಈ ಪ್ರಶ್ನೆ ತಪ್ಪಿಸಿಕೊಂಡು ನಮ್ಮ ಊರಿನ ಲೋಕ ಕಟ್ಟಲು ಆಗುವುದಿಲ್ಲ. ಆಡುವ ಮೊದಲೇ ಎಲ್ಲರೂ ಕೂತು ಇದರ ಬಗ್ಗೆ ಎಷ್ಟು ದೂರ ಹೋಗೋಣ ಅಂತ ಮಾತಾಡಿಕೊಳ್ಳಿ.

ನಮ್ಮ ಗುಂಪು ಈಗ ಆಡುತ್ತಿರುವ ಕ್ಯಾಂಪೇನ್ (ವಾರದಿಂದ ವಾರಕ್ಕೆ ಮುಂದುವರಿಯುವ ಕಥೆ) ಕೆರೆಗಳ ಮೇಲೆ ನಿಂತಿದೆ. ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಕೆರೆಗಳು ಸರಪಣಿಯಂತೆ ಇದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಹೋಗುತ್ತಿತ್ತು. ಬೆಳ್ಳಂದೂರಿನ ನೀರು ಇವತ್ತಿಗೂ ವರ್ತೂರಿಗೆ ಹರಿಯುತ್ತದೆ. ತೂಬು ತೆಗೆದು ಯಾರ ಗದ್ದೆಗೆ ಎಷ್ಟು ನೀರು ಬಿಡಬೇಕು ಅಂತ ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ನಮ್ಮ ಲೋಕದಲ್ಲಿ ನೀರಿನ ಜಾಗದಲ್ಲಿ ಮಂತ್ರಶಕ್ತಿ ಹರಿಯುತ್ತದೆ. ಮೇಲಿನ ಊರಿನ ಮಾಂತ್ರಿಕರು ತಮ್ಮ ಕೆರೆಯನ್ನು ಖಾಲಿ ಮಾಡಿಕೊಂಡರೆ ಕೆಳಗಿನ ಏಳು ಊರಿಗೆ ಏನೂ ಬರುವುದಿಲ್ಲ. ಗೊಲ್ಲರಹಟ್ಟಿಯಿಂದ ಬಂದ ಒಬ್ಬಳು ನೀರುಗಂಟಿ ನಮ್ಮ ಕಥೆಯ ನಾಯಕಿ. ಅವಳಿಗೆ ಒಂದೂ ಮಂತ್ರ ಬರುವುದಿಲ್ಲ. ಆದರೆ ತೂಬಿನ ಕೀಲಿ ಅವಳ ಕೈಯಲ್ಲಿದೆ, ರಾಜನೂ ಅವಳ ಮನೆ ಬಾಗಿಲಿಗೆ ಬರುತ್ತಾನೆ.

ಒಂದು ಕೋರಿಕೆ. ಕರಗದಂಥ ಜೀವಂತ ಆಚರಣೆಯನ್ನು ಹಾಗೇ ಎತ್ತಿ ಸ್ಪೆಲ್ ಲಿಸ್ಟ್ ಮಾಡಬೇಡಿ. ಅದು ಪಕ್ಕದ ಬೀದಿಯವರ ನಂಬಿಕೆ. ಅದನ್ನು ನೋಡಿ ಕಲಿಯಿರಿ, ನಿಮ್ಮ ಲೋಕಕ್ಕೆ ನಿಮ್ಮದೇ ಆಚರಣೆ ಹುಟ್ಟಿಸಿ.

ಕನ್ನಡದಲ್ಲಿ ಆಡ್ತೀರಾ?

ಹೌದು. ನಿಯಮದ ಪದಗಳು ಇಂಗ್ಲಿಷಿನವೇ, ಪಾತ್ರಗಳ ಮಾತು ಕನ್ನಡ. ಮಂಡ್ಯ ಕನ್ನಡ, ಧಾರವಾಡ ಕನ್ನಡ ಯಾವುದಾದರೂ ಸರಿ.

ಒಬ್ಬರ ಪಾತ್ರ ಉಳಿದವರಿಗಿಂತ ತುಂಬಾ ಬಲಶಾಲಿ ಆದರೆ ಅನ್ಯಾಯ ಅಲ್ವಾ?

ಬಲದ ವ್ಯತ್ಯಾಸವೇ ಅನ್ಯಾಯ ಅಲ್ಲ. ಆರ್ಸ್ ಮ್ಯಾಜಿಕಾದಲ್ಲಿ ಮಾಂತ್ರಿಕನ ಪಕ್ಕದಲ್ಲಿ ಗ್ರಾಗ್ ಅನ್ನುವ ಸಾಮಾನ್ಯ ಕಾವಲುಗಾರರು ಇರುತ್ತಾರೆ. ಬಲದಲ್ಲಿ ಅಜಗಜಾಂತರ. ಆದರೆ ಅಲ್ಲಿ ಆಡುವವರು ಪಾತ್ರಗಳನ್ನು ಬದಲಿಸಿಕೊಳ್ಳುತ್ತಾರೆ. ಈ ವಾರ ನಿಮ್ಮ ಮಾಂತ್ರಿಕನ ಸಾಹಸ, ನಾನು ಅವನ ಕಾವಲುಗಾರ. ಮುಂದಿನ ವಾರ ಉಲ್ಟಾ. ಬಲ ಎಲ್ಲರ ಕೈಗೂ ಸರದಿಯಲ್ಲಿ ಬರುತ್ತದೆ, ಎಲ್ಲರೂ ಒಪ್ಪಿಕೊಂಡೇ ಕೂತಿರುತ್ತಾರೆ. ಶೂಟರ್‌ನಲ್ಲಿ ಈ ಒಪ್ಪಿಗೆಯೂ ಇಲ್ಲ, ಸರದಿಯೂ ಇಲ್ಲ.

ಸರಿ, ಶೂಟರ್‌ಗೆ ಬರೋಣ. ಪೇ ಟು ವಿನ್ ಅಂದ್ರೆ ಸರಿಯಾಗಿ ಏನು?

ಇಬ್ಬರು ಒಂದೇ ಮ್ಯಾಚ್‌ನಲ್ಲಿ ಇದ್ದಾರೆ. ಕೈಚಳಕ ಒಂದೇ, ಆಡಿದ ಸಮಯ ಒಂದೇ. ಒಬ್ಬ ಆಟದ ಅಂಗಡಿಗೆ ದುಡ್ಡು ಕಟ್ಟಿದ್ದಕ್ಕೇ ಗೆಲ್ಲುವ ಸಾಧ್ಯತೆ ಜಾಸ್ತಿ ಆದರೆ ಅದು ಪೇ ಟು ವಿನ್. ಎಷ್ಟು ಜಾಸ್ತಿ ಅನ್ನೋದು ಮುಖ್ಯ ಅಲ್ಲ. ಗುಂಡಿನ ಏಟು ಸ್ವಲ್ಪ ಹೆಚ್ಚಾದರೂ ಎದುರುಬದುರು ನಿಂತು ಹೊಡೆದಾಡುವಾಗ ಒಂದು ಗುಂಡು ಕಡಿಮೆ ಸಾಕು. ಆ ಒಂದು ಗುಂಡೇ ಸಾವು ಬದುಕು.

ದುಡ್ಡು ಕೊಟ್ಟು ಸಮಯ ಉಳಿಸುವುದು ಇದರ ತಮ್ಮ. ‘ಎಲ್ಲರಿಗೂ ಸಿಗುತ್ತೆ, ಆಡ್ತಾ ಹೋದರೆ ಆಯ್ತು’ ಅನ್ನುತ್ತಾರೆ. ಆದರೆ ನಿಮಗೆ ಆ ಗನ್ ಸಿಗುವ ಹೊತ್ತಿಗೆ ದುಡ್ಡು ಕೊಟ್ಟವನು ಮೂರು ತಿಂಗಳು ಅದರಲ್ಲಿ ನಿಮ್ಮನ್ನು ಹೊಡೆದಿರುತ್ತಾನೆ.

ಸ್ಕಿನ್, ಅಂದರೆ ಗನ್ನಿಗೆ, ಪಾತ್ರಕ್ಕೆ ಹಾಕುವ ಹೊಸ ರೂಪ ಮಾರೋದರಲ್ಲಿ ತಪ್ಪೇನು? ಬರೀ ಬಣ್ಣ ತಾನೆ?

ಬರೀ ಬಣ್ಣ ಆಗಿದ್ದರೆ ತಪ್ಪೇನೂ ಇಲ್ಲ. ವ್ಯಾಲೊರಂಟ್, ಬಿಜಿಎಂಐ ಅನ್ನುವ ಶೂಟರ್‌ಗಳಲ್ಲಿ ಗನ್ ಸ್ಕಿನ್ ಎಷ್ಟೇ ದುಬಾರಿಯಾದರೂ ಗುಂಡಿನ ಏಟು ಒಂದೇ. ಆಟ ಉಚಿತವಾಗಿದೆ, ಸರ್ವರ್‌ಗೆ ಖರ್ಚಿದೆ, ಆಟ ಮಾಡಿದವರಿಗೆ ಸಂಬಳ ಬೇಕು. ಚೆಂದಕ್ಕೆ ದುಡ್ಡು ಕೊಡುವವರು ಕೊಡಲಿ.

ಆದರೆ ಎಲ್ಲ ಸ್ಕಿನ್ ಬರೀ ಬಣ್ಣ ಅಲ್ಲ. ಫ್ರೀ ಫೈರ್‌ನಲ್ಲಿ ಗನ್ ಸ್ಕಿನ್‌ಗಳಿಗೆ ಆಟ್ರಿಬ್ಯೂಟ್ ಇದೆ. ಒಂದು ಸ್ಕಿನ್ ಹಾಕಿದರೆ ಏಟು ಜಾಸ್ತಿ, ಇನ್ನೊಂದಕ್ಕೆ ಫೈರಿಂಗ್ ವೇಗ ಜಾಸ್ತಿ, ಬದಲಿಗೆ ರೀಲೋಡ್ ನಿಧಾನ. ಕಾಲ್ ಆಫ್ ಡ್ಯೂಟಿ ವಾರ್‌ಜೋನ್‌ನ ರೋಜ್ ಪಾತ್ರದ ಕಪ್ಪು ಉಡುಪಿನ ಕಥೆ ಬೇರೆ. ಅಂಕಿಯಲ್ಲಿ ಯಾವ ಲಾಭವೂ ಇರಲಿಲ್ಲ. ಆದರೆ ಕತ್ತಲ ಮೂಲೆಯಲ್ಲಿ ನಿಂತರೆ ಕಾಣುತ್ತಲೇ ಇರಲಿಲ್ಲ. ಆಟಗಾರರು ತಿಂಗಳುಗಟ್ಟಲೆ ದೂರಿದ ಮೇಲೆ 2021ರಲ್ಲಿ ಅದನ್ನು ತಿಳಿಯಾಗಿಸಿದರು. ಹಾಗಾಗಿ ಸ್ಕಿನ್ ನೋಡುವಾಗ ‘ಇದು ಚೆಂದಕ್ಕಾ’ ಅಂತ ಕೇಳಬೇಡಿ, ‘ಇದು ಎದುರಾಳಿಗೆ ಕಾಣುತ್ತಾ’ ಅಂತ ಕೇಳಿ.

ಇದರ ವಿರುದ್ಧ ಆಟಗಾರರು ಯಾವತ್ತಾದರೂ ಗೆದ್ದಿದ್ದಾರಾ?

ಗೆದ್ದಿದ್ದಾರೆ. 2017ರ ನವೆಂಬರ್‌ನಲ್ಲಿ ಇಎ ಕಂಪನಿಯ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಬಂತು. ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ಆಟ. ಆದರೂ ಬಲ ಹೆಚ್ಚಿಸುವ ಸ್ಟಾರ್ ಕಾರ್ಡ್‌ಗಳು ಲೂಟ್ ಬಾಕ್ಸ್‌ನಲ್ಲಿ, ಅಂದರೆ ತೆರೆಯುವವರೆಗೆ ಒಳಗೇನಿದೆ ಅಂತ ಗೊತ್ತಾಗದ ಪೆಟ್ಟಿಗೆಯಲ್ಲಿ ಇದ್ದವು. ಡಾರ್ತ್ ವೇಡರ್‌ನಂಥ ದೊಡ್ಡ ಪಾತ್ರ ಬೇಕಾದರೆ 60,000 ಕ್ರೆಡಿಟ್ (ಆಟದೊಳಗಿನ ನಾಣ್ಯ) ಗಳಿಸಬೇಕಿತ್ತು. ಅದಕ್ಕೆ ಹತ್ತಿರ ಹತ್ತಿರ 40 ಗಂಟೆ ಆಡಬೇಕು ಅಂತ ಆಟಗಾರರು ಲೆಕ್ಕ ಹಾಕಿದರು. ಕಂಪನಿಯವರು ರೆಡಿಟ್‌ನಲ್ಲಿ ಸಮಜಾಯಿಷಿ ಕೊಟ್ಟರು. ಅದಕ್ಕೆ 6 ಲಕ್ಷಕ್ಕೂ ಹೆಚ್ಚು ಡೌನ್‌ವೋಟ್ ಬಿತ್ತು. ಮೊದಲು ಪಾತ್ರದ ಬೆಲೆಯನ್ನು 15,000ಕ್ಕೆ ಇಳಿಸಿದರು. ಸಿಟ್ಟು ಇಳಿಯಲಿಲ್ಲ. ಆಟ ಅಧಿಕೃತವಾಗಿ ಬಿಡುಗಡೆಯಾಗುವ ಹಿಂದಿನ ದಿನ ಆಟದೊಳಗಿನ ಖರೀದಿಯನ್ನೇ ನಿಲ್ಲಿಸಿದರು. 2018ರಲ್ಲಿ ಖರೀದಿ ಮರಳಿ ಬಂದಾಗ ಉಡುಪು, ಬಣ್ಣ ಮಾತ್ರ.

ದುಡ್ಡು ಕೊಟ್ಟು ಆಟ ಕೊಂಡವರು ಸೇರಿ ದನಿ ಎತ್ತಿದರೆ ಕಂಪನಿ ಕೇಳುತ್ತದೆ. ಉಚಿತ ಮೊಬೈಲ್ ಆಟದಲ್ಲಿ ಇದು ಕಷ್ಟ. ಅಲ್ಲಿ ಹೆಚ್ಚಿನವರು ಒಂದು ರೂಪಾಯಿಯೂ ಕೊಡುವುದಿಲ್ಲ. ಗಳಿಕೆಯ ದೊಡ್ಡ ಪಾಲು ತುಂಬಾ ಖರ್ಚು ಮಾಡುವ ಕೆಲವೇ ಜನರಿಂದ ಬರುತ್ತದೆ. ಅವರಿಗೆ ಹೊಡೆಯಲು ಎದುರಾಳಿಗಳು ಬೇಕು, ಆ ಎದುರಾಳಿಗಳು ನಾವು.

ಕ್ರೇಟ್, ಅಂದರೆ ಲೂಟ್ ಬಾಕ್ಸ್ ತೆರೆಯೋದು ಜೂಜಾ?

ಬೆಲ್ಜಿಯಂನ ಗೇಮಿಂಗ್ ಆಯೋಗ 2018ರ ಏಪ್ರಿಲ್‌ನಲ್ಲಿ ಕೆಲವು ಆಟಗಳ ಲೂಟ್ ಬಾಕ್ಸ್ ಜೂಜೇ ಅಂತ ಹೇಳಿತು. ಚೀನಾ 2017ರಿಂದ ಯಾವ ವಸ್ತು ಸಿಗುವ ಸಾಧ್ಯತೆ ಎಷ್ಟು ಅಂತ ಪ್ರಕಟಿಸಲು ಕಂಪನಿಗಳಿಗೆ ಹೇಳಿತು. ಆಪಲ್ ಕೂಡ ಅದೇ ವರ್ಷ ಇದೇ ನಿಯಮ ತಂದಿತು. ನಮ್ಮ ದೇಶದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಗುರಿ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳು. ಇ-ಸ್ಪೋರ್ಟ್ಸ್‌ಗೆ ಅದೇ ಕಾಯ್ದೆ ಮಾನ್ಯತೆ ಕೊಟ್ಟಿತು.

ಕಾನೂನು ಏನೇ ಹೇಳಲಿ, ಲೆಕ್ಕ ನೀವೇ ಮಾಡಬಹುದು. ಒಂದು ಗನ್ ಸಿಗುವ ಸಾಧ್ಯತೆ 1% ಅಂತ ಬರೆದಿದೆ. ನೂರು ಕ್ರೇಟ್ ತೆರೆದರೆ ಖಂಡಿತ ಸಿಗುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಇಲ್ಲ. ನೂರು ತೆರೆದ ಮೇಲೂ ಸಿಗದೇ ಇರುವ ಸಾಧ್ಯತೆ ಸುಮಾರು 37%. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬರಿಗೈಯಲ್ಲಿ ಎದ್ದು ಹೋಗುತ್ತಾರೆ. ಕೆಲವು ಆಟಗಳಲ್ಲಿ ಇಷ್ಟು ಸಲ ತೆರೆದರೆ ಗ್ಯಾರಂಟಿ ಅಂತ ಇರುತ್ತದೆ. ಆಗ ಆ ಗ್ಯಾರಂಟಿಯ ಸಂಖ್ಯೆಯನ್ನು ಒಂದು ಕ್ರೇಟ್‌ನ ಬೆಲೆಯಿಂದ ಗುಣಿಸಿ. ಅದೇ ಆ ವಸ್ತುವಿನ ನಿಜವಾದ ಬೆಲೆ ಅಂತ ಇಟ್ಟುಕೊಳ್ಳಿ.

ನನ್ನ ಮಗ ಕೇಳದೆ ಆಟಕ್ಕೆ ದುಡ್ಡು ಹಾಕಿ ಟಾಪ್-ಅಪ್ ಮಾಡಿದ್ದಾನೆ. ದುಡ್ಡು ವಾಪಸ್ ಬರುತ್ತಾ?

ಬೇಗ ಕೆಲಸ ಮಾಡಿದರೆ ಬರಬಹುದು. ಗೂಗಲ್ ಪ್ಲೇ ಮೂಲಕ ಹೋಗಿದ್ದರೆ 48 ಗಂಟೆಯ ಒಳಗೆ ಅಲ್ಲೇ ರೀಫಂಡ್ ಕೇಳಿ. ಅದು ದಾಟಿದ್ದರೆ ಆಟದ ಕಂಪನಿಗೇ ಬರೆಯಬೇಕು. ಆರ್ಡರ್ ನಂಬರ್ ಇರುವ ರಸೀದಿ ನಿಮ್ಮ ಇಮೇಲ್‌ಗೆ ಬಂದಿರುತ್ತದೆ, ಅಳಿಸಬೇಡಿ. ‘ಅರ್ಧ ಬೆಲೆಗೆ ಯುಸಿ, ಡೈಮಂಡ್ ಹಾಕ್ತೀವಿ’ (ಇವು ಆಟದೊಳಗಿನ ನಾಣ್ಯಗಳು) ಅನ್ನುವ ಯಾರಿಗೋ ಯುಪಿಐ ಮಾಡಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆಮೇಲೆ ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ. ಮಕ್ಕಳ ಫೋನಿಗೆ ಫ್ಯಾಮಿಲಿ ಲಿಂಕ್ ಹಾಕಿದರೆ ಖರೀದಿಗೆ ನಿಮ್ಮ ಒಪ್ಪಿಗೆ ಬೇಕಾಗುತ್ತದೆ. ಐಫೋನ್‌ನಲ್ಲೂ ಇಂಥದೇ ವ್ಯವಸ್ಥೆ ಇದೆ.

ಇಷ್ಟಕ್ಕೆ ಬಿಡಬೇಡಿ. ಅವನ ಪಕ್ಕ ಕೂತು ಒಂದು ಮ್ಯಾಚ್ ನೋಡಿ. ಯಾಕೆ ಕೊಂಡೆ ಅಂತ ಕೇಳಿ. ನಮ್ಮ ಗುಂಪಿಗೆ ಬರುವ ಎಷ್ಟೋ ಹುಡುಗರು ಹೇಳುವ ಉತ್ತರ ಒಂದೇ: ‘ಡಿಫಾಲ್ಟ್ ಡ್ರೆಸ್‌ನಲ್ಲಿ ಹೋದರೆ ಸ್ಕ್ವಾಡ್‌ನಲ್ಲಿ ಮರ್ಯಾದೆ ಕೊಡಲ್ಲ.’ ಅವರಿಗೆ ಬೇಕಾದದ್ದು ಗನ್ ಅಲ್ಲ, ಗೆಳೆಯರ ನಡುವೆ ಒಂದು ಜಾಗ. ಬೈದರೆ ಆ ಜಾಗ ಇನ್ನೂ ಚಿಕ್ಕದಾಗುತ್ತದೆ.

ಒಳ್ಳೇ ಫೋನ್ ಇಟ್ಟುಕೊಳ್ಳೋದೂ ಪೇ ಟು ವಿನ್ ಅಲ್ವಾ?

ಒಂದು ಮಟ್ಟಿಗೆ ಹೌದು. 90 ಎಫ್‌ಪಿಎಸ್ (ಸೆಕೆಂಡಿಗೆ ಪರದೆ ತೋರಿಸುವ ಚಿತ್ರಗಳ ಸಂಖ್ಯೆ) ಇರುವವನಿಗೆ ಎದುರಾಳಿಯ ಚಲನೆ ನಯವಾಗಿ, ಬೇಗ ಕಾಣುತ್ತದೆ. ಐಪ್ಯಾಡ್‌ನಲ್ಲಿ ನೋಟವೇ ಅಗಲ. ಎಸ್.ಪಿ. ರೋಡ್‌ನಲ್ಲಿ ಅಲೆದು ಬಿಡಿಭಾಗ ಕೂಡಿಸಿ ಪಿಸಿ ಕಟ್ಟಿಕೊಂಡವರಿಗೂ ಇದು ಗೊತ್ತು. ಆದರೂ ನಾನು ಇದನ್ನು ಬೇರೆಯಾಗಿ ನೋಡುತ್ತೇನೆ. ಫೋನ್ ಮಾರುವವನು ಮ್ಯಾಚ್‌ನ ನಿಯಮ ಬರೆಯುವುದಿಲ್ಲ. ಆಟದ ಕಂಪನಿ ನಿಯಮವನ್ನೂ ಬರೆಯುತ್ತದೆ, ನಿಯಮ ಮೀರುವ ಬಲವನ್ನೂ ಮಾರುತ್ತದೆ. ತೊಂದರೆ ಇರುವುದು ಅಲ್ಲಿ.

ಹಾಗಾದರೆ ಅದೇ ಆಟವನ್ನು ನ್ಯಾಯವಾಗಿ ಆಡೋಕೆ ದಾರಿ ಇದೆಯಾ?

ಕಸ್ಟಮ್ ರೂಮ್, ಅಂದರೆ ನಿಯಮ ನಾವೇ ಆರಿಸಿ ಗೆಳೆಯರನ್ನು ಕರೆದು ಆಡುವ ಮ್ಯಾಚ್. ಫ್ರೀ ಫೈರ್‌ನ ಕಸ್ಟಮ್ ರೂಮ್‌ನಲ್ಲಿ ಗನ್ ಆಟ್ರಿಬ್ಯೂಟ್ ಆಫ್ ಮಾಡಬಹುದು, ಕ್ಯಾರೆಕ್ಟರ್ ಸ್ಕಿಲ್ (ಪಾತ್ರದ ವಿಶೇಷ ಶಕ್ತಿ) ಕೂಡ ಆಫ್ ಮಾಡಬಹುದು. ಆಗ ಎಲ್ಲರ ಗನ್ನೂ ಒಂದೇ. ನಾವು ಹಾಗೇ ಆಡುತ್ತೇವೆ. ಸಾವಿರಾರು ರೂಪಾಯಿಯ ಸ್ಕಿನ್ ಇದ್ದವನು ಸ್ಕಿನ್ ಹಾಕಿಕೊಂಡೇ ಬರಲಿ, ಚೆಂದ ಕಾಣುತ್ತದೆ. ಏಟು ಮಾತ್ರ ಎಲ್ಲರಿಗೂ ಸಮ.

ರೋಲ್‌ಪ್ಲೇಯಿಂಗ್‌ನಲ್ಲೂ ಜಾಸ್ತಿ ಪುಸ್ತಕ ಕೊಂಡವನಿಗೆ ಬಲವಾದ ಪಾತ್ರ ಸಿಗುತ್ತಲ್ಲ?

ಒಳ್ಳೇ ಪ್ರಶ್ನೆ. ಹೊಸ ಪುಸ್ತಕದ ಹೊಸ ಸಬ್‌ಕ್ಲಾಸ್ (ಪಾತ್ರದ ಒಳಬಗೆ) ಹಳೆಯದಕ್ಕಿಂತ ಜೋರಾಗಿರುವುದು ನಿಜವಾಗಿಯೂ ಆಗುತ್ತದೆ. ಅದಕ್ಕೆ ನಮ್ಮ ಮೇಜಿನ ನಿಯಮ ಸರಳ: ಒಬ್ಬರು ತಂದ ಪುಸ್ತಕ ಮೇಜಿನ ಎಲ್ಲರದ್ದು. ಎಲ್ಲರೂ ಓದಬಹುದು, ಎಲ್ಲರೂ ಅದರಿಂದ ಪಾತ್ರ ಮಾಡಬಹುದು. ಪುಸ್ತಕವೇ ಬೇಡ ಅಂದರೂ ನಡೆಯುತ್ತದೆ. ಐದನೇ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತಿವೆ. ಬೇಕಾದರೆ ಕನ್ನಡಕ್ಕೆ ತಂದು ಹಂಚಲೂ ಅಡ್ಡಿಯಿಲ್ಲ, ಮೂಲ ಯಾರದು ಅಂತ ಹೇಳಿದರೆ ಆಯಿತು.

ನಿಮ್ಮ ಲೋಕದಲ್ಲಿ ಸಾಹುಕಾರ ವಜ್ರ ಕೊಟ್ಟು ಬದುಕುತ್ತಾನೆ. ಅದೂ ಪೇ ಟು ವಿನ್ನೇ. ಅಲ್ಲಿ ಸರಿ, ಶೂಟರ್‌ನಲ್ಲಿ ತಪ್ಪು ಯಾಕೆ?

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು.

ಆ ಲೋಕದಲ್ಲಿ ಅನ್ಯಾಯ ಆಟದ ಒಳಗಿದೆ. ಹಾಗಾಗಿ ಅದನ್ನು ಮುಟ್ಟಬಹುದು. ನನ್ನ ಕೂಲಿಯವನು ವಜ್ರದ ಗಣಿಗೆ ನುಗ್ಗಬಹುದು. ಗಣಿಯ ಕೆಲಸಗಾರರನ್ನು ಒಟ್ಟುಗೂಡಿಸಿ ಕೆಲಸ ನಿಲ್ಲಿಸಬಹುದು. ಎಬೆರಾನ್‌ನಲ್ಲಿ ಜೊರಾಸ್ಕೊ ಮನೆತನದ ವೈದ್ಯಳೊಬ್ಬಳು ರಾತ್ರಿ ಹಿಂಬಾಗಿಲಿನಿಂದ ಬಡವರಿಗೆ ಔಷಧ ಕೊಡಬಹುದು, ಸಿಕ್ಕಿಬಿದ್ದು ಮನೆತನದಿಂದ ಹೊರಗೆ ಬೀಳಬಹುದು. ಅಥಾಸ್‌ನಲ್ಲಿ ಡಿಫೈಲರ್ ಬೂದಿ ಮಾಡಿದ ನೆಲದಲ್ಲಿ ಒಂದು ಪ್ರಿಸರ್ವರ್ ಗುಂಪು ಮತ್ತೆ ಗಿಡ ನೆಡಬಹುದು. ಸೋತರೂ ಅದು ನಮ್ಮ ಕಥೆ. ಅಲ್ಲಿ ಯಾವ ಆಟಗಾರನೂ ತನ್ನ ಜೇಬಿನ ರೂಪಾಯಿ ಕೊಟ್ಟು ವಜ್ರ ತರುವುದಿಲ್ಲ. ಮೇಜಿನ ಸುತ್ತ ಕೂತ ಎಲ್ಲರೂ ಸಮ, ಲೋಕದ ಒಳಗಿನವರು ಮಾತ್ರ ಅಸಮ.

ಶೂಟರ್‌ನಲ್ಲಿ ಇದು ತಿರುಗುಮುರುಗು. ಮೈದಾನದಲ್ಲಿ ಎಲ್ಲರೂ ಸಮ ಅಂತ ಹೇಳಿ ಕರೆಯುತ್ತಾರೆ. ಅಸಮತೆ ಬರುವುದು ಹೊರಗಿನ ಬ್ಯಾಂಕ್ ಖಾತೆಯಿಂದ. ಅಂಗಡಿ ಮ್ಯಾಚ್‌ನ ಆಚೆ ಇದೆ, ನನ್ನ ಯಾವ ಗುಂಡೂ ಅಲ್ಲಿಗೆ ತಲುಪುವುದಿಲ್ಲ. ಎಷ್ಟೇ ಚೆನ್ನಾಗಿ ಆಡಿದರೂ ಆ ಬಾಗಿಲನ್ನು ಒಡೆಯಲು ಆಟದೊಳಗೆ ದಾರಿಯಿಲ್ಲ. ಆಟ ಬಿಟ್ಟು ಎದ್ದು ಹೋಗುವುದೊಂದೇ ದಾರಿ. ಹದಿನಾಲ್ಕರ ಹುಡುಗನಿಗೆ ಅದು ಗೆಳೆಯರನ್ನೇ ಬಿಟ್ಟು ಹೋದ ಹಾಗೆ.

ನಾನು ಶೂಟರ್ ಮಾತ್ರ ಆಡೋನು. ಭಾನುವಾರ ಬರಬಹುದಾ?

ಖಂಡಿತ ಬನ್ನಿ. ಡೈಸ್ ತರಬೇಕಿಲ್ಲ, ಪುಸ್ತಕ ಕೊಳ್ಳಬೇಕಿಲ್ಲ, ಮೊದಲೇ ಏನೂ ಓದಿರಬೇಕಿಲ್ಲ. ಹೊಸಬರಿಗೆ ಸಿದ್ಧ ಪಾತ್ರಗಳನ್ನು ಬರೆದು ಇಟ್ಟಿರುತ್ತೇವೆ. ಶೂಟರ್ ಆಡಿದವರಿಗೆ ಅಡಗುವ ಜಾಗ, ಎತ್ತರದ ಜಾಗ, ಯಾರು ಯಾರಿಗೆ ಕವರ್ ಕೊಡಬೇಕು ಅನ್ನೋದು ಬೇಗ ಹೊಳೆಯುತ್ತದೆ, ಅದು ನಮಗೂ ಬೇಕು. ಸಂಜೆ ಆಟ ಮುಗಿದ ಮೇಲೆ ಆಸಕ್ತಿ ಇರುವವರು ಕಸ್ಟಮ್ ರೂಮ್ ತೆರೆಯುತ್ತಾರೆ, ಆಟ್ರಿಬ್ಯೂಟ್ ಆಫ್.